ಅಂಗಡಿಯಲ್ಲಿ ಸಿಗದ ಹಾಡು

1998ರ ದ್ವಿತೀಯಾರ್ಧದಲ್ಲಿ ಅಮೆರಿಕದ ಯಾವ ಊರಿನಲ್ಲಿ ರೇಡಿಯೊ ತಿರುಗಿಸಿದರೂ ಒಂದು ಹಾಡು ಕಿವಿಗೆ ಬೀಳುತ್ತಿತ್ತು. ಮೊದಲು ಗಿಟಾರಿನ ಗುಂಯ್‌ಗುಡುವ ನಾದ, ಅದರ ಮೇಲೆ ತುಸು ಒರಟಾದ ಗಂಡು ದನಿ, ಆಮೇಲೆ ಪಿಟೀಲುಗಳ ಅಲೆ. ಹಾಡಿನ ಹೆಸರು ‘ಐರಿಸ್’. ಹಾಡಿದ್ದು ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನ ಗೂ ಗೂ ಡಾಲ್ಸ್ ಎಂಬ ರಾಕ್ ತಂಡ. ಯಾವ ಹಾಡು ರೇಡಿಯೊದಲ್ಲಿ ಎಷ್ಟು ಪ್ರಸಾರವಾಯಿತು ಎಂದು ಲೆಕ್ಕವಿಡುವ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಅದು ಒಟ್ಟು 18 ವಾರ ಮೊದಲ ಸ್ಥಾನದಲ್ಲಿತ್ತು. ಅಲ್ಲಿಯವರೆಗೆ ಯಾವ ಹಾಡೂ ಆ ಪಟ್ಟಿಯ ತುದಿಯಲ್ಲಿ ಅಷ್ಟು ಕಾಲ ನಿಂತಿರಲಿಲ್ಲ.

ಅದೇ ಪತ್ರಿಕೆಯ ಮುಖ್ಯ ಪಟ್ಟಿಯ ಹೆಸರು ಹಾಟ್ 100. ಅಮೆರಿಕದಲ್ಲಿ ಈ ವಾರದ ಅತಿ ಜನಪ್ರಿಯ ಹಾಡು ಯಾವುದೆಂದು ಕೇಳಿದರೆ ಎಲ್ಲರೂ ತೋರಿಸುವುದು ಅದನ್ನೇ. ಆ ಪಟ್ಟಿಯಲ್ಲಿ ‘ಐರಿಸ್’ ತಿಂಗಳುಗಟ್ಟಲೆ ಎಲ್ಲಿಯೂ ಕಾಣಲಿಲ್ಲ. ಹತ್ತನೆಯ ಸ್ಥಾನದಲ್ಲಿಯೂ ಇಲ್ಲ, ನೂರನೆಯದರಲ್ಲಿಯೂ ಇಲ್ಲ. ದೇಶವೆಲ್ಲ ಕೇಳುತ್ತಿದ್ದ ಹಾಡಿಗೆ ದೇಶದ ಮುಖ್ಯ ಪಟ್ಟಿಯಲ್ಲಿ ಜಾಗವಿರಲಿಲ್ಲ. ಕಾರಣ ಇಷ್ಟೇ: ಆ ಹಾಡು ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತಿರಲಿಲ್ಲ.

ಇದು ಆ ಕಾಲದ ಸಂಗೀತ ವ್ಯಾಪಾರದ ಕಥೆ. ಜೊತೆಗೆ, ಕಾಲು ಶತಮಾನ ದಾಟಿದರೂ ಜನರ ಬಾಯಿಂದ ಇಳಿಯದ ಒಂದು ಪ್ರೇಮಗೀತೆಯ ಕಥೆ ಕೂಡ. ಎರಡನ್ನೂ ಒಟ್ಟಿಗೇ ಹೇಳಬೇಕು. ಏಕೆಂದರೆ ‘ಐರಿಸ್’ ಎಷ್ಟು ದೊಡ್ಡ ಹಾಡು ಎಂದು ಅಳೆಯಹೊರಟ ಪ್ರತಿ ಅಳತೆಗೋಲೂ ಎಲ್ಲೋ ಒಂದು ಕಡೆ ಸೋತಿದೆ.

ಗೂ ಗೂ ಡಾಲ್ಸ್ ಪ್ರೇಮಗೀತೆ ಹಾಡಲು ಹುಟ್ಟಿದ ತಂಡವಲ್ಲ. 1980ರ ದಶಕದ ಮಧ್ಯದಲ್ಲಿ ಬಫಲೊದಲ್ಲಿ ಒಂದಾದ ಈ ಹುಡುಗರು ಹಾಡುತ್ತಿದ್ದುದು ಪಂಕ್ ರಾಕ್. ವೇಗ, ಗದ್ದಲ, ಸಣ್ಣ ಕ್ಲಬ್ಬುಗಳು. ತಂಡದ ಹೆಸರು ಕೂಡ ಹಳೆಯ ಪತ್ರಿಕೆಯೊಂದರಲ್ಲಿ ಕಂಡ ಆಟಿಕೆಯ ಜಾಹೀರಾತಿನಿಂದ ಎತ್ತಿಕೊಂಡದ್ದು. ಮೊದಲ ಆಲ್ಬಮ್‌ನಲ್ಲಿ ಮುಖ್ಯವಾಗಿ ಹಾಡಿದವರು ಬೇಸ್ ಗಿಟಾರ್ ನುಡಿಸುವ ರಾಬಿ ಟಾಕಾಕ್. ಗಿಟಾರ್ ವಾದಕ ಜಾನ್ ರೆಜ್‌ನಿಕ್ ಮೈಕಿನ ಮುಂದೆ ಬಂದದ್ದು ನಿಧಾನವಾಗಿ. ಬಫಲೊದ ದುಡಿಯುವ ವರ್ಗದ ಪೋಲಿಷ್ ಕ್ಯಾಥೊಲಿಕ್ ಮನೆತನದ ರೆಜ್‌ನಿಕ್ ಹದಿಹರೆಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅವರನ್ನು ನೋಡಿಕೊಂಡವರು ನಾಲ್ವರು ಅಕ್ಕಂದಿರು.

1995ರ ‘ಎ ಬಾಯ್ ನೇಮ್ಡ್ ಗೂ’ ಆಲ್ಬಮ್‌ನ ‘ನೇಮ್’ ಎಂಬ ಮೆಲುದನಿಯ ಹಾಡು ಯಾರೂ ಎಣಿಸದಂತೆ ಹಾಟ್ 100ರಲ್ಲಿ 5ನೇ ಸ್ಥಾನಕ್ಕೆ ಏರಿತು. ಹತ್ತು ವರ್ಷ ವ್ಯಾನಿನಲ್ಲಿ ಊರೂರು ಅಲೆದ ತಂಡಕ್ಕೆ ಸಿಕ್ಕ ಮೊದಲ ದೊಡ್ಡ ಗೆಲುವು ಅದು. ಆದರೆ ಅದಕ್ಕೂ ಮೊದಲೇ ಹಳೆಯ ಡ್ರಮ್ ವಾದಕ ಹೊರಹೋಗಿ ಮೈಕ್ ಮಲಿನಿನ್ ಒಳಬಂದಿದ್ದರು, ಗೆಲುವಿನ ಬೆನ್ನಿಗೇ ರೆಕಾರ್ಡ್ ಕಂಪನಿಯೊಂದಿಗೆ ಒಪ್ಪಂದದ ವ್ಯಾಜ್ಯವೂ ಬಂತು. ಅದಕ್ಕಿಂತ ಕಷ್ಟವಾದದ್ದು ರೆಜ್‌ನಿಕ್‌ಗೆ ಬರೆಯಲು ಏನೂ ತೋಚದೆ ಹೋದದ್ದು. ‘ನೇಮ್’ನಂತಹ ಇನ್ನೊಂದು ಹಾಡು ತನ್ನಿಂದ ಸಾಧ್ಯವೇ ಎಂಬ ಭಯ ಕೈಕಟ್ಟಿ ಹಾಕಿತ್ತು, ತಂಡವನ್ನೇ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು ಎಂದು ಅವರು ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಆ ಹೊತ್ತಿಗೆ ಬಂದದ್ದು ಸಿನಿಮಾದ ಕೆಲಸ.

ಸಿನಿಮಾ ‘ಸಿಟಿ ಆಫ್ ಏಂಜೆಲ್ಸ್’. ನಿರ್ದೇಶಕ ಬ್ರ್ಯಾಡ್ ಸಿಲ್ಬರ್ಲಿಂಗ್, ತಾರೆಯರು ನಿಕೊಲಸ್ ಕೇಜ್ ಮತ್ತು ಮೆಗ್ ರಯಾನ್. ಇದರ ಮೂಲ 1987ರಲ್ಲಿ ವಿಮ್ ವೆಂಡರ್ಸ್ ಬರ್ಲಿನ್ನಿನಲ್ಲಿ ಮಾಡಿದ ‘ವಿಂಗ್ಸ್ ಆಫ್ ಡಿಸೈರ್’. ಗೋಡೆ ಇನ್ನೂ ನಿಂತಿದ್ದ ಆ ನಗರದಲ್ಲಿ ದೇವದೂತರು ಮನುಷ್ಯರ ನಡುವೆ ಕಾಣದಂತೆ ಓಡಾಡುತ್ತಾರೆ, ಜನರ ಮನಸ್ಸಿನ ಮಾತು ಕೇಳಿಸಿಕೊಳ್ಳುತ್ತಾರೆ. ದೇವದೂತರ ಕಣ್ಣಿಗೆ ಜಗತ್ತು ಕಪ್ಪುಬಿಳುಪು, ಬಣ್ಣ ಕಾಣಬೇಕಾದರೆ ಮನುಷ್ಯನಾಗಬೇಕು. ಹಾಲಿವುಡ್ ಆ ಕಥೆಯನ್ನು ಲಾಸ್ ಏಂಜಲೀಸ್‌ಗೆ ತಂದು ಪ್ರೇಮಕಥೆಯಾಗಿ ಬಿಗಿಮಾಡಿತು. ಸೆತ್ ಎಂಬ ದೇವದೂತ ಹೃದಯದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ ಮ್ಯಾಗಿಯನ್ನು ಪ್ರೀತಿಸುತ್ತಾನೆ. ಅವನಿಗೆ ಸ್ಪರ್ಶ ಗೊತ್ತಿಲ್ಲ, ರುಚಿ ಗೊತ್ತಿಲ್ಲ. ಪೇರ್ ಹಣ್ಣು ತಿಂದರೆ ಹೇಗಿರುತ್ತದೆ ಎಂದು ಅವಳನ್ನು ಕೇಳಿ ತಿಳಿದುಕೊಳ್ಳಬೇಕು. ಕೊನೆಗೆ ಅಮರತ್ವವನ್ನು ತ್ಯಜಿಸಿ ಎತ್ತರದ ಕಟ್ಟಡದಿಂದ ಕೆಳಗೆ ಧುಮುಕುತ್ತಾನೆ. ಎದ್ದಾಗ ಮೈಯಿಂದ ರಕ್ತ ಬರುತ್ತಿರುತ್ತದೆ. ಅದನ್ನು ಕಂಡು ಅವನಿಗೆ ಸಂತೋಷ ಉಕ್ಕುತ್ತದೆ, ಏಕೆಂದರೆ ತಾನೀಗ ಮನುಷ್ಯ ಎಂಬುದಕ್ಕೆ ಅದೇ ಸಾಕ್ಷಿ.

ರೆಜ್‌ನಿಕ್ ಸಿನಿಮಾ ನೋಡಿದರು. ಲಾಸ್ ಏಂಜಲೀಸ್‌ನ ಹೋಟೆಲ್ ಕೋಣೆಗೆ ಮರಳಿ ಆ ದೇವದೂತನ ಜಾಗದಲ್ಲಿ ತನ್ನನ್ನು ಇಟ್ಟುಕೊಂಡು ಬರೆದರು. ಒಬ್ಬಳ ಬಳಿ ಇರುವ ಒಂದು ಗಳಿಗೆಗಾಗಿ ಎಂದಿಗೂ ಮುಗಿಯದ ಬದುಕನ್ನೇ ಬಿಟ್ಟುಕೊಡಬಲ್ಲವನು ಏನು ಹೇಳಬಹುದು? ತಾನು ಬರೆಯುತ್ತಿರುವುದು ಬೇರೊಬ್ಬನ ಮಾತು ಎಂದುಕೊಂಡದ್ದೇ ಬಹುಶಃ ಅವರ ಕೈಯ ಕಟ್ಟು ಬಿಚ್ಚಿತು. ತಿಂಗಳುಗಟ್ಟಲೆ ಬಾರದಿದ್ದ ಹಾಡು ಬೇಗನೆ ಬಂತು. ಹೆಸರು ಮಾತ್ರ ಹೊಳೆಯಲಿಲ್ಲ. ‘ಎಲ್ಎ ವೀಕ್ಲಿ’ ಪತ್ರಿಕೆಯಲ್ಲಿ ಆ ವಾರದ ಕಾರ್ಯಕ್ರಮಗಳ ಪಟ್ಟಿ ತಿರುವಿಹಾಕುವಾಗ ಐರಿಸ್ ಡಿಮೆಂಟ್ ಎಂಬ ಗಾಯಕಿಯ ಹೆಸರು ಕಂಡಿತು. ಚೆನ್ನಾಗಿದೆ ಎನಿಸಿ ಅದನ್ನೇ ಇಟ್ಟರು. ಇಡೀ ಹಾಡಿನಲ್ಲಿ ಆ ಪದ ಒಮ್ಮೆಯೂ ಬರುವುದಿಲ್ಲ.

ಈ ಹಾಡಿನ ಗಿಟಾರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಅದರ ಮೋಡಿಯ ದೊಡ್ಡ ಪಾಲು ಅಲ್ಲಿದೆ. ಸಾಮಾನ್ಯವಾಗಿ ಗಿಟಾರಿನ ಆರು ತಂತಿಗಳನ್ನು ಇ, ಎ, ಡಿ, ಜಿ, ಬಿ, ಇ ಎಂಬ ಬೇರೆ ಬೇರೆ ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ರೆಜ್‌ನಿಕ್ ಹಾಗೆ ಮಾಡಲಿಲ್ಲ. ದಪ್ಪ ತಂತಿಯನ್ನು ಬಿ ಸ್ವರಕ್ಕೆ ಇಳಿಸಿ, ಉಳಿದವುಗಳಲ್ಲಿ ಹೆಚ್ಚಿನವನ್ನು ಒಂದೇ ಡಿ ಸ್ವರಕ್ಕೆ ಕೂರಿಸಿದರು. ಹೀಗಿರುವ ವಾದ್ಯವನ್ನು ಮೀಟಿದರೆ ಎಡಗೈ ಬೆರಳು ಎಲ್ಲಿ ಓಡಾಡಿದರೂ ಹಿಂದೆ ಆ ಡಿ ಮಾತ್ರ ಬಿಡದೆ ಮೊಳಗುತ್ತಲೇ ಇರುತ್ತದೆ. ಕಛೇರಿಯಲ್ಲಿ ಹಾಡುಗಾರರ ಹಿಂದೆ ಕುಳಿತ ತಂಬೂರಿಯ ಹಾಗೆ. ಸ್ವರಸಂಗತಿ ಬದಲಾಗುತ್ತಿದ್ದರೂ ನೆಲ ಅಲುಗಾಡುವುದಿಲ್ಲ. ಪಾಶ್ಚಾತ್ಯ ರಾಕ್ ಕೇಳಿ ಅಭ್ಯಾಸವಿಲ್ಲದ ನಮ್ಮ ಕಡೆಯ ಕಿವಿಗೂ ಈ ಹಾಡು ಮೊದಲ ಸಲಕ್ಕೇ ಹಿಡಿಸಿದರೆ ಅದಕ್ಕೆ ಈ ನಿಂತ ಶ್ರುತಿಯೂ ಒಂದು ಕಾರಣವಿರಬೇಕು. ಬೇಕೆಂದರೆ ಬರಿಯ ಆರಂಭದ ಕೆಲವು ಸೆಕೆಂಡು ಕೇಳಿ ನೋಡಬಹುದು.

ನಡೆ ಕೂಡ ರಾಕ್ ಹಾಡುಗಳ ಮಾಮೂಲಿ ನಾಲ್ಕರ ನಡೆಯಲ್ಲ. ಒಂದು ಎರಡು ಮೂರು, ನಾಲ್ಕು ಐದು ಆರು ಎಂದು ತೂಗುವ ಆರರ ಎಣಿಕೆ. ಈ ತೂಗಾಟ ಹಾಡನ್ನು ಮುಂದಕ್ಕೆ ನೂಕುವ ಬದಲು ಅಲೆಯಂತೆ ಎತ್ತಿ ಇಳಿಸುತ್ತದೆ. ನಡುವೆ ಮಾತು ನಿಂತು ವಾದ್ಯಗಳದೇ ಒಂದು ಸುದೀರ್ಘ ಭಾಗ ಬರುತ್ತದೆ. ಅದರಲ್ಲಿ ಕೇಳುವ ಮ್ಯಾಂಡೊಲಿನ್ ನುಡಿಸಿದವರು ಟಿಮ್ ಪಿಯರ್ಸ್ ಎಂಬ ಅನುಭವಿ ಸ್ಟುಡಿಯೊ ವಾದಕ. ತಂತಿವಾದ್ಯಗಳ ಮೇಳವನ್ನು ಹೊಂದಿಸಿದವರು ಡೇವಿಡ್ ಕ್ಯಾಂಪ್‌ಬೆಲ್. ನಿರ್ಮಾಪಕ ರಾಬ್ ಕವಾಲೊ. ಇವರು 1994ರಲ್ಲಿ ಗ್ರೀನ್ ಡೇ ತಂಡದ ‘ಡೂಕಿ’ ಆಲ್ಬಮ್ ಮಾಡಿದವರು, ಅಂದರೆ ಪಂಕ್ ಹುಡುಗರ ಒರಟುತನವನ್ನು ಉಳಿಸಿಕೊಂಡೇ ಅದನ್ನು ಎಲ್ಲರ ಮನೆಗೆ ಮುಟ್ಟಿಸಲು ಬಲ್ಲವರು. ಇಲ್ಲಿಯೂ ಅದೇ ಆಗಿದೆ. ಅಷ್ಟೊಂದು ಪಿಟೀಲುಗಳು ಸೇರಿದರೆ ಯಾವ ಹಾಡಾದರೂ ಪಾಕ ಹೆಚ್ಚಾಗಿ ಗಂಟಲಿಗೆ ಅಂಟಿಕೊಳ್ಳಬಹುದಿತ್ತು. ರೆಜ್‌ನಿಕ್‌ರ ಕಂಠದಲ್ಲಿರುವ ಸವೆತ, ಕ್ಲಬ್ಬುಗಳಲ್ಲಿ ಕೂಗಿ ಕೂಗಿ ಬಂದ ಆ ಗೊಗ್ಗರು, ಅದನ್ನು ತಡೆದಿದೆ. ಕೊನೆಯ ಪಲ್ಲವಿಯಲ್ಲಿ ಡ್ರಮ್ಮು ಗಿಟಾರು ಎಲ್ಲ ಮೇಲೆದ್ದಾಗ ಹಳೆಯ ಪಂಕ್ ತಂಡ ಒಳಗಿನಿಂದ ಇಣುಕುತ್ತದೆ.

ಹಾಡು ಸುಮಾರು ಐದು ನಿಮಿಷದ್ದು, ರೇಡಿಯೊದವರು ಇಷ್ಟಪಡುವುದಕ್ಕಿಂತ ಉದ್ದ. ಆದರೂ 1998ರ ವಸಂತದಲ್ಲಿ ಸಿನಿಮಾ ಮತ್ತು ಅದರ ಹಾಡುಗಳ ಆಲ್ಬಮ್ ಹೊರಬಂದ ಕೂಡಲೇ ರೇಡಿಯೊ ಅದನ್ನು ಹಿಡಿದುಕೊಂಡಿತು. ಆ ಆಲ್ಬಮ್‌ನಲ್ಲಿ ಜೊತೆಗಿದ್ದವರು ಸಣ್ಣವರಲ್ಲ: ಯೂಟೂ, ಪೀಟರ್ ಗೇಬ್ರಿಯಲ್, ಎರಿಕ್ ಕ್ಲಾಪ್ಟನ್, ಸಾರಾ ಮೆಕ್‌ಲಾಕ್ಲನ್. ಅಲಾನಿಸ್ ಮಾರಿಸೆಟ್ ಹಾಡಿದ ‘ಅನ್‌ಇನ್ವೈಟೆಡ್’ ಕೂಡ ಅದರಲ್ಲೇ ಇತ್ತು. ನಮ್ಮ ಸಿನಿಮಾಗಳಂತೆ ಹಾಲಿವುಡ್‌ನಲ್ಲಿ ನಾಯಕ ನಾಯಕಿ ಹಾಡಿಗೆ ತುಟಿ ಆಡಿಸುವುದಿಲ್ಲ. ಹಾಡು ಹಿನ್ನೆಲೆಯಲ್ಲಿ ಬಂದು ಹೋಗುತ್ತದೆ, ಅದಕ್ಕೆ ಮುಖವಿರುವುದಿಲ್ಲ. ‘ಐರಿಸ್’ಗೆ ಇದು ಒಳ್ಳೆಯದೇ ಆಯಿತು. ನಿಕೊಲಸ್ ಕೇಜ್‌ರ ಮುಖ ಹಾಡಿಗೆ ಅಂಟಿಕೊಳ್ಳದೆ ಉಳಿದ ಕಾರಣ ಯಾರು ಬೇಕಾದರೂ ಅದನ್ನು ತನ್ನದು ಎಂದು ತೆಗೆದುಕೊಂಡು ಹೋಗಬಹುದಾಯಿತು.

ಇನ್ನು ಅಂಗಡಿಯ ಮಾತಿಗೆ ಬರೋಣ.

ಹಾಟ್ 100 ಪಟ್ಟಿ ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ಅಂದು ಜನ ಒಂದೊಂದೇ ಹಾಡಿನ ಪುಟ್ಟ ತಟ್ಟೆ ಕೊಳ್ಳುತ್ತಿದ್ದರು. ಅದನ್ನೇ ಸಿಂಗಲ್ ಎನ್ನುವುದು. ಆ ತಟ್ಟೆ ಎಷ್ಟು ಮಾರಾಟವಾಯಿತು, ಹಾಡು ರೇಡಿಯೊದಲ್ಲಿ ಎಷ್ಟು ಬಂತು ಎರಡನ್ನೂ ಕೂಡಿಸಿ ಪಟ್ಟಿ ಮಾಡುತ್ತಿದ್ದರು. ಅಂಗಡಿಯಲ್ಲಿ ಸಿಂಗಲ್ ಇಲ್ಲದ ಹಾಡಿಗೆ ಪಟ್ಟಿಯಲ್ಲಿ ಪ್ರವೇಶವಿಲ್ಲ ಎಂಬ ನಿಯಮ ಆ ಕಾಲಕ್ಕೆ ಸಹಜವಾಗಿಯೇ ಇತ್ತು, ಸಿಂಗಲ್ ಇಲ್ಲದೆ ಹಾಡು ಗೆಲ್ಲುವುದೇ ಅಪರೂಪವಾಗಿತ್ತು. 1990ರ ದಶಕಕ್ಕೆ ಸಿಡಿ ಬಂತು, ಲೆಕ್ಕಾಚಾರ ತಲೆಕೆಳಗಾಯಿತು. ಸಿಂಗಲ್‌ಗೆ ಕೆಲವೇ ಡಾಲರ್, ಪೂರ್ತಿ ಸಿಡಿಗೆ ಅದರ ಹಲವು ಪಟ್ಟು. ಜನಕ್ಕೆ ಬೇಕಾದ ಒಂದು ಹಾಡನ್ನು ಬಿಡಿಯಾಗಿ ಕೊಟ್ಟರೆ ಇಡೀ ಸಿಡಿ ಯಾರು ಕೊಳ್ಳುತ್ತಾರೆ? ಕಂಪನಿಗಳು ಗೆಲ್ಲುವ ಹಾಡುಗಳ ಸಿಂಗಲ್ ತರುವುದನ್ನೇ ನಿಲ್ಲಿಸತೊಡಗಿದವು. ಹಾಡು ಬೇಕೆಂದರೆ ಪೂರ್ತಿ ಆಲ್ಬಮ್ ಕೊಳ್ಳಿ ಎಂಬುದು ಧೋರಣೆ.

ಅದರ ಫಲವಾಗಿ ಹಾಟ್ 100 ದಿನೇ ದಿನೇ ಪೊಳ್ಳಾಗುತ್ತ ಹೋಯಿತು. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ 16 ವಾರ ರೇಡಿಯೊ ಪಟ್ಟಿಯ ತುದಿಯಲ್ಲಿದ್ದರೂ ಹಾಟ್ 100ರಲ್ಲಿ ಎಂದೂ ಕಾಣಿಸಿಕೊಳ್ಳಲಿಲ್ಲ. ಕಾರ್ಡಿಗನ್ಸ್ ತಂಡದ ‘ಲವ್‌ಫೂಲ್’ ಗತಿಯೂ ಅದೇ. ನಟಾಲಿ ಇಂಬ್ರೂಲಿಯಾ ಹಾಡಿದ ‘ಟೋರ್ನ್’ ರೇಡಿಯೊದಲ್ಲಿ 11 ವಾರ ಮೊದಲನೆಯದಾಗಿತ್ತು. ಕಡೆಗೆ ಹಾಟ್ 100ಕ್ಕೆ ಪ್ರವೇಶ ಸಿಗುವಷ್ಟರಲ್ಲಿ ಅದರ ಬಿಸಿ ಆರಿ 42ಕ್ಕಿಂತ ಮೇಲೆ ಹೋಗಲಾಗಲಿಲ್ಲ. ‘ಐರಿಸ್’ ಕಥೆ ಇವೆಲ್ಲದರ ತುತ್ತತುದಿ. ಅದು ಬೇಕೆಂದವರು ಒಂದೋ ಸಿನಿಮಾದ ಸಿಡಿ ಕೊಳ್ಳಬೇಕು, ಇಲ್ಲವೇ ಸೆಪ್ಟೆಂಬರ್ 22ರಂದು ಬಂದ ತಂಡದ ಹೊಸ ಆಲ್ಬಮ್ ‘ಡಿಜ್ಜಿ ಅಪ್ ದ ಗರ್ಲ್’ ಕೊಳ್ಳಬೇಕು. ಎರಡೂ ಹತ್ತಾರು ಲಕ್ಷ ಪ್ರತಿ ಮಾರಾಟವಾದವು. ಸಿನಿಮಾ, ಅದರ ಆಲ್ಬಮ್, ತಂಡದ ಆಲ್ಬಮ್ ಮೂರೂ ವಾರ್ನರ್ ಮನೆಯವೇ ಆದ್ದರಿಂದ ಹಣ ಯಾವ ಬಾಗಿಲಿನಿಂದ ಬಂದರೂ ಸೇರುತ್ತಿದ್ದುದು ಒಂದೇ ಕಡೆಗೆ.

ಬಿಲ್‌ಬೋರ್ಡ್ ಕೊನೆಗೂ ನಿಯಮ ಬದಲಿಸಿತು. 1998ರ ಡಿಸೆಂಬರ್ 5ರ ದಿನಾಂಕದ ಪಟ್ಟಿಯಿಂದ ಸಿಂಗಲ್ ಇಲ್ಲದ ಹಾಡುಗಳಿಗೂ ರೇಡಿಯೊ ಪ್ರಸಾರದ ಬಲದ ಮೇಲೆಯೇ ಜಾಗ ಸಿಕ್ಕಿತು. ಅಂದು ರೆಜ್‌ನಿಕ್‌ರ 33ನೇ ಹುಟ್ಟುಹಬ್ಬ ಕೂಡ, ಬರಿಯ ಕಾಕತಾಳೀಯವಾದರೂ ಸೊಗಸಾದದ್ದು. ‘ಐರಿಸ್’ ನೇರವಾಗಿ 9ನೇ ಸ್ಥಾನಕ್ಕೆ ಬಂದು ಕುಳಿತಿತು. ರೇಡಿಯೊದಲ್ಲಿ ಅದರ ಉತ್ತುಂಗ ಆಗಲೇ ಕಳೆದಿತ್ತು, ಅದಕ್ಕಿಂತ ಮೇಲೆ ಏರಲಿಲ್ಲ. ತಂಡದ ಹೊಸ ಆಲ್ಬಮ್‌ನ ಮುಂದಿನ ಹಾಡು ‘ಸ್ಲೈಡ್’ ಹೊಸ ನಿಯಮದ ಪೂರ್ತಿ ಲಾಭ ಪಡೆದು 8ನೇ ಸ್ಥಾನ ಮುಟ್ಟಿತು. ಹೀಗಾಗಿ ಹಾಟ್ 100ರ ದಾಖಲೆ ಪುಸ್ತಕ ನೋಡಿ ಈ ತಂಡವನ್ನು ಅಳೆದರೆ ‘ನೇಮ್’ ಮೊದಲನೆಯ ದೊಡ್ಡ ಹಾಡು, ‘ಸ್ಲೈಡ್’ ಎರಡನೆಯದು, ‘ಐರಿಸ್’ ಮೂರನೆಯದು. ಆ ತಂಡದ ಒಂದೇ ಒಂದು ಹಾಡು ಗೊತ್ತಿರುವವರನ್ನು ನಿಲ್ಲಿಸಿ ಕೇಳಿದರೆ ಯಾವುದನ್ನು ಹೇಳುತ್ತಾರೆ ಎಂಬುದರಲ್ಲಿ ಸಂಶಯವೇ ಇಲ್ಲ.

ಇಷ್ಟೊಂದು ವಾರ ರೇಡಿಯೊವನ್ನು ಆಳಲು ಇದೇ ಹಾಡಿಗೆ ಹೇಗೆ ಸಾಧ್ಯವಾಯಿತು? ಅಮೆರಿಕದ ರೇಡಿಯೊ ಕೇಂದ್ರಗಳು ಕೇಳುಗರನ್ನು ಗುಂಪು ಗುಂಪಾಗಿ ಹಂಚಿಕೊಂಡಿರುತ್ತವೆ. ರಾಕ್ ಕೇಳುವ ಹುಡುಗರಿಗೆ ಒಂದು ಕೇಂದ್ರ, ಹದಿಹರೆಯದವರ ಪಾಪ್‌ಗೆ ಇನ್ನೊಂದು, ಮನೆ ಕಚೇರಿ ಎಂದು ಓಡಾಡುವ ನಡುವಯಸ್ಸಿನವರಿಗೆ ಮೆದು ಹಾಡುಗಳ ಮತ್ತೊಂದು. ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಸಲ್ಲುವುದು ಕಡಿಮೆ. ಆಲ್ಟರ್ನೇಟಿವ್ ರಾಕ್ ಎಂಬ ಬಗೆಯೇ ಕಾಲೇಜು ರೇಡಿಯೊಗಳಲ್ಲಿ, ಮುಖ್ಯಧಾರೆಗೆ ಬೆನ್ನು ಹಾಕಿ ಬೆಳೆದದ್ದು. ಬಿಲ್‌ಬೋರ್ಡ್ ಅದಕ್ಕೆಂದೇ ಬೇರೆ ಪಟ್ಟಿ ಶುರುಮಾಡಿದ್ದು 1988ರಲ್ಲಿ. 1991ರಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದ ಮೇಲೆ ಗೋಡೆ ಬಿರುಕು ಬಿಟ್ಟಿತು. ದಶಕ ಮುಗಿಯುವ ಹೊತ್ತಿಗೆ ಸಿಟ್ಟಿನ ಅಬ್ಬರ ಇಳಿದು ಮೆದುವಾದ ಹಾಡುಗಳಿಗೆ ಜಾಗವಾಗಿತ್ತು. ‘ಐರಿಸ್’ ಸರಿಯಾಗಿ ಆ ಸಂಧಿಯಲ್ಲಿ ಬಂತು. ಆಲ್ಟರ್ನೇಟಿವ್ ಪಟ್ಟಿಯಲ್ಲಿ ಮೊದಲ ಸ್ಥಾನ, ಪಾಪ್ ಕೇಂದ್ರಗಳಲ್ಲೂ ಮೊದಲ ಸ್ಥಾನ, ದೊಡ್ಡವರ ಕೇಂದ್ರಗಳಲ್ಲೂ ಅದೇ. ಅಣ್ಣನ ಕೋಣೆಯಲ್ಲಿ, ಅಮ್ಮನ ಕಾರಿನಲ್ಲಿ ಒಂದೇ ಹಾಡು. ಪಂಕ್ ದಿನಗಳ ಅಭಿಮಾನಿಗಳಲ್ಲಿ ಕೆಲವರಿಗೆ ಇದು ದ್ರೋಹವೆನಿಸಿತು. ಆದರೆ ಹಾಡಿನೊಳಗೆ ಮೋಸವಿಲ್ಲ. ಅದು ಸುಳ್ಳು ಸಂತೋಷ ಮಾರುವುದಿಲ್ಲ, ಪ್ರೀತಿ ಕೈಗೂಡಿತು ಎಂದೂ ಹೇಳುವುದಿಲ್ಲ.

1999ರ ಫೆಬ್ರವರಿಯ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ‘ಐರಿಸ್’ ವರ್ಷದ ರೆಕಾರ್ಡ್, ವರ್ಷದ ಹಾಡು ಸೇರಿ ಮೂರು ವಿಭಾಗಗಳಿಗೆ ನಾಮನಿರ್ದೇಶನಗೊಂಡಿತು. ಎದುರಿಗೆ ಇದ್ದದ್ದು ‘ಟೈಟಾನಿಕ್’ ಹಡಗು. ಸೆಲೀನ್ ಡಿಯಾನ್ ಹಾಡಿದ ‘ಮೈ ಹಾರ್ಟ್ ವಿಲ್ ಗೋ ಆನ್’ ಎರಡೂ ಮುಖ್ಯ ಪ್ರಶಸ್ತಿ ಗೆದ್ದುಕೊಂಡಿತು. ಒಂದೂ ಸಿಗದೆ ಮರಳಿದ ಹಾಡು ಸೋತಂತೆ ನಡೆದುಕೊಳ್ಳಲಿಲ್ಲ.

ಅದರ ನಂತರದ ಬದುಕನ್ನು ಅರಿಯಲು ಒಂದು ಸಂಜೆಯನ್ನು ಹತ್ತಿರದಿಂದ ನೋಡಬೇಕು. 2004ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ತಂಡ ತನ್ನ ಊರು ಬಫಲೊದ ನಯಾಗರಾ ಚೌಕದಲ್ಲಿ, ನಗರಸಭಾ ಕಟ್ಟಡದ ಎದುರು ಉಚಿತ ಕಾರ್ಯಕ್ರಮ ಇಟ್ಟುಕೊಂಡಿತ್ತು. ಮಳೆ ಶುರುವಾಯಿತು. ಜಿನುಗು ಮಳೆಯಲ್ಲ, ದೀಪಗಳ ಬೆಳಕಿನಲ್ಲಿ ಹಗ್ಗದಂತೆ ಕಾಣುವ ಜಡಿಮಳೆ. ಸಾವಿರಾರು ಜನ ಕದಲಲಿಲ್ಲ. ರೆಜ್‌ನಿಕ್ ತೊಯ್ದು ತೊಪ್ಪೆಯಾಗಿ, ಕೂದಲು ಹಣೆಗೆ ಅಂಟಿಕೊಂಡು, ನೀರು ಹರಿಯುವ ಗಿಟಾರ್ ಹಿಡಿದು ಹಾಡುತ್ತಿದ್ದಾರೆ. ಎದುರಿಗೆ ಪ್ಲಾಸ್ಟಿಕ್ ಹೊದ್ದವರು, ಏನನ್ನೂ ಹೊದೆಯದವರು, ಒಬ್ಬರನ್ನೊಬ್ಬರು ಹಿಡಿದುಕೊಂಡವರು, ಎಲ್ಲರೂ ಪಲ್ಲವಿಯನ್ನು ಗಂಟಲು ಬಿಟ್ಟು ಹಾಡುತ್ತಿದ್ದಾರೆ. ಆ ಕಾರ್ಯಕ್ರಮ ಡಿವಿಡಿಯಾಗಿ ಬಂತು, ಮುಂದೆ ಯೂಟ್ಯೂಬ್ ಸೇರಿತು. ಇಂದು ಈ ಹಾಡಿನ ಅಧಿಕೃತ ವಿಡಿಯೊ ನೆನಪಿರುವಷ್ಟೇ ಜನಕ್ಕೆ ಮಳೆಯ ‘ಐರಿಸ್’ ನೆನಪಿದೆ. 1998ರ ಆ ವಿಡಿಯೊದಲ್ಲಿ ರೆಜ್‌ನಿಕ್ ಗೋಪುರದಂತಹ ಕೋಣೆಯೊಂದರಲ್ಲಿ ಕುಳಿತು ದೂರದರ್ಶಕಗಳಿಂದ ಊರಿನ ಜನರನ್ನು ನೋಡುತ್ತಿರುತ್ತಾರೆ, ಸಿನಿಮಾದ ದೇವದೂತನಂತೆ. ಬಫಲೊದಲ್ಲಿ ಅವರು ಜನರ ನಡುವೆ, ಅದೇ ಮಳೆಯಡಿ ಇದ್ದರು. ಎರಡರಲ್ಲಿ ಮಳೆಯದೇ ಹೆಚ್ಚು ನಿಜವಾದ ‘ಐರಿಸ್’.

ಬ್ರಿಟನ್ನಿನಲ್ಲಿ ಈ ಹಾಡಿನ ನಡಿಗೆ ಇನ್ನೂ ವಿಚಿತ್ರ. 1998ರಲ್ಲಿ ಅಲ್ಲಿ ಅದು 50ನೇ ಸ್ಥಾನಕ್ಕೆ ಬಂದು ನಿಂತಿತು. ಮರುವರ್ಷ ಮತ್ತೆ ಬಿಡುಗಡೆಯಾಗಿ 26ಕ್ಕೆ ಏರಿತು. 2006ರಲ್ಲಿ ಐರ್ಲೆಂಡಿನ ಗಾಯಕ ರೋನನ್ ಕೀಟಿಂಗ್ ತಮ್ಮ ದನಿಯಲ್ಲಿ ಹಾಡಿದರು. ಮೂಲ ಹಾಡು ಅಲ್ಲಿ 3ನೇ ಸ್ಥಾನ ಮುಟ್ಟಿದ್ದು 2011ರಲ್ಲಿ, ಹುಟ್ಟಿ 13 ವರ್ಷಗಳಾದ ಮೇಲೆ. ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಅದು ಕೇಳಿಬರುತ್ತಿದ್ದ ಕಾಲ ಅದು. ಅಷ್ಟರಲ್ಲಿ ಹಾಡನ್ನು ಬಿಡಿಯಾಗಿ ಡೌನ್‌ಲೋಡ್ ಮಾಡಿಕೊಳ್ಳುವ ಕಾಲ ಬಂದಿದ್ದರಿಂದ ಜನ ಟಿವಿ ನೋಡಿ ಎದ್ದು ಮೂಲವನ್ನೇ ಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಟೇಲರ್ ಸ್ವಿಫ್ಟ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೆಜ್‌ನಿಕ್‌ರನ್ನು ವೇದಿಕೆಗೆ ಕರೆದು ಜೊತೆಗೂಡಿ ಇದನ್ನು ಹಾಡಿದರು. ಹಾಡು ಬಂದಾಗ ಸ್ವಿಫ್ಟ್ ಇನ್ನೂ ಪುಟ್ಟ ಹುಡುಗಿ. 2012ರಲ್ಲಿ ಬಿಲ್‌ಬೋರ್ಡ್ ಹಿಂದಿನ 20 ವರ್ಷಗಳ ಪಾಪ್ ರೇಡಿಯೊ ಪಟ್ಟಿಗಳನ್ನು ಒಟ್ಟುಗೂಡಿಸಿ ನೂರು ಹಾಡುಗಳನ್ನು ಆರಿಸಿದಾಗ ಮೊದಲನೆಯದಾಗಿ ನಿಂತದ್ದು ‘ಐರಿಸ್’.

ಆದರೆ ಅಂಕಿಗಳ ಈ ಕಥೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು 2020ರ ನವೆಂಬರ್. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಮಯ. ಟ್ರಂಪ್ ಸೋತರೆ ತಾನು ‘ಐರಿಸ್’ ಹಾಡುತ್ತೇನೆ ಎಂದು ಗಾಯಕಿ ಫೀಬಿ ಬ್ರಿಡ್ಜರ್ಸ್ ಟ್ವಿಟರ್‌ನಲ್ಲಿ ಬರೆದಿದ್ದರು. ಟ್ರಂಪ್ ಸೋತರು, ಬ್ರಿಡ್ಜರ್ಸ್ ಮಾತು ಉಳಿಸಿಕೊಂಡರು. ಮ್ಯಾಗಿ ರಾಜರ್ಸ್ ಜೊತೆ ಹಾಡಿ ನವೆಂಬರ್ 13ರಂದು ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಒಂದೇ ದಿನದ ಮಟ್ಟಿಗೆ ಮಾರಾಟಕ್ಕಿಟ್ಟರು. ಬಂದ ಹಣ ಮತದಾನದ ಹಕ್ಕಿಗಾಗಿ ಕೆಲಸ ಮಾಡುವ ಫೇರ್ ಫೈಟ್ ಸಂಸ್ಥೆಗೆ. ಆ ಒಂದು ದಿನದ ಮಾರಾಟದ ಬಲದಿಂದಲೇ ಹಾಡು ಹಾಟ್ 100ರಲ್ಲಿ 57ನೇ ಸ್ಥಾನಕ್ಕೆ ಬಂತು. ಬ್ರಿಡ್ಜರ್ಸ್ ಆ ಪಟ್ಟಿಗೆ ಬಂದದ್ದು ಅದೇ ಮೊದಲು. 1998ರಲ್ಲಿ ರೇಡಿಯೊ ತುಂಬ ಇದ್ದ ಹಾಡು ಮಾರಾಟಕ್ಕಿಲ್ಲದ ಕಾರಣಕ್ಕೆ ಪಟ್ಟಿಯ ಹೊರಗೆ ಉಳಿದಿತ್ತು. 22 ವರ್ಷಗಳ ನಂತರ ಅದೇ ಹಾಡು ರೇಡಿಯೊದ ಹಂಗಿಲ್ಲದೆ, ಬರಿಯ ಮಾರಾಟದಿಂದ ಅದೇ ಪಟ್ಟಿಯೊಳಗೆ ಬಂದಿತು.

ಅದೇ 2020ರ ಆಗಸ್ಟ್‌ನಲ್ಲಿ ರೇಡಿಯೊ ಪಟ್ಟಿಯಲ್ಲಿ ‘ಐರಿಸ್’ನ 18 ವಾರಗಳ ದಾಖಲೆ ಮುರಿದಿತ್ತು. ಮುರಿದದ್ದು ದ ವೀಕೆಂಡ್ ಹಾಡಿದ ‘ಬ್ಲೈಂಡಿಂಗ್ ಲೈಟ್ಸ್’, ಅದು ಮುಂದೆ 26 ವಾರಗಳವರೆಗೆ ಹೋಯಿತು. ಹಳೆಯ ಹಾಡಿಗೆ ಅದರಿಂದ ಏನೂ ಆಗಲಿಲ್ಲ. 2024ರಲ್ಲಿ ‘ಡೆಡ್‌ಪೂಲ್ ಅಂಡ್ ವೋಲ್ವರಿನ್’ ಸಿನಿಮಾ ‘ಐರಿಸ್’ಅನ್ನು ತನ್ನ ಹಾಡುಗಳ ನಡುವೆ ಸೇರಿಸಿಕೊಂಡಿತು. ಸ್ಪಾಟಿಫೈನಲ್ಲಿ ಅದನ್ನು ಕೇಳಿದ ಲೆಕ್ಕ 100 ಕೋಟಿ ದಾಟಿ ಬಹಳ ಕಾಲವಾಗಿದೆ. ಟಿಕ್‌ಟಾಕ್‌ನಲ್ಲಿ ಅದಕ್ಕೆ ತಮ್ಮ ಮುಖ ಜೋಡಿಸುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹಾಡು ಬಂದಾಗ ಹುಟ್ಟಿಯೇ ಇರಲಿಲ್ಲ.

ಅವರಲ್ಲಿ ಎಷ್ಟು ಮಂದಿ ‘ಸಿಟಿ ಆಫ್ ಏಂಜೆಲ್ಸ್’ ನೋಡಿದ್ದಾರು? ಬಹುಶಃ ಬೆರಳೆಣಿಕೆಯಷ್ಟು. ಹಾಡು ಉಳಿದದ್ದಕ್ಕೆ ನಿಜವಾದ ಕಾರಣ ಇಲ್ಲಿದೆ ಎನಿಸುತ್ತದೆ. ರೆಜ್‌ನಿಕ್ ಬರೆದ ಪ್ರತಿ ಮಾತಿಗೂ ಸಿನಿಮಾದಲ್ಲಿ ನೇರ ಅರ್ಥವಿತ್ತು. ಜಗತ್ತಿನ ಕಣ್ಣಿಗೆ ಬೀಳದೆ ಇರುವುದು ಅಲ್ಲಿ ದೇವದೂತನ ಸ್ಥಿತಿ, ರಕ್ತ ಹರಿಯುವುದು ಬದುಕಿರುವುದರ ಗುರುತು, ಅಮರತ್ವ ಬಿಡುವುದು ನಡೆದ ಘಟನೆ. ಸಿನಿಮಾ ಮರೆತುಹೋದ ಮೇಲೆ ಆ ಮಾತುಗಳ ಕೆಳಗಿನ ಕಥೆ ಕಳಚಿಬಿತ್ತು, ಮಾತುಗಳು ಮಾತ್ರ ನಿಂತವು. ಈಗ ಕೇಳುವ ಹದಿನೇಳರ ಹುಡುಗಿಗೆ ಕಣ್ಣಿಗೆ ಬೀಳದಿರುವುದೆಂದರೆ ತರಗತಿಯಲ್ಲಿ ಯಾರೂ ತನ್ನನ್ನು ಗಮನಿಸದಿರುವುದು, ಅಥವಾ ಎಲ್ಲರೂ ಗಮನಿಸುತ್ತಿದ್ದರೂ ಯಾರಿಗೂ ತಾನು ಅರ್ಥವಾಗದಿರುವುದು. ನೋವಾದರೆ ಮಾತ್ರ ತಾನು ಇದ್ದೇನೆ ಎನಿಸುವುದು ಅವಳಿಗೆ ರೂಪಕವೂ ಅಲ್ಲ, ದಿನದ ಅನುಭವ. ದೇವದೂತನಿಗೆ ಬರೆದ ಬಟ್ಟೆ ಅವಳ ಮೈಗೆ ಸರಿಹೊಂದುತ್ತದೆ. ತನ್ನ ದುಃಖವನ್ನೇ ನೇರವಾಗಿ ಬರೆದಿದ್ದರೆ ರೆಜ್‌ನಿಕ್ ಅದರಲ್ಲಿ ತನ್ನ ಊರು, ತನ್ನ ಮನೆ, ತನ್ನ ಹೆಸರುಗಳನ್ನು ಸೇರಿಸುತ್ತಿದ್ದರೇನೋ. ಊರಿಲ್ಲದ, ವಯಸ್ಸಿಲ್ಲದ, ದೇಹವೂ ಇಲ್ಲದ ಒಬ್ಬನಿಗಾಗಿ ಬರೆದದ್ದರಿಂದ ಹಾಡಿನೊಳಗೆ ದೊಡ್ಡದೊಂದು ಜಾಗ ಖಾಲಿ ಉಳಿಯಿತು. ಬಂದವರೆಲ್ಲ ಅಲ್ಲಿ ನಿಲ್ಲಬಹುದು.

ತಂಡ ಈಗಲೂ ಊರೂರು ತಿರುಗುತ್ತಿದೆ. ರೆಜ್‌ನಿಕ್ ಮತ್ತು ಟಾಕಾಕ್ ಇಬ್ಬರೇ ಹಳಬರು, ಇಬ್ಬರಿಗೂ ಅರವತ್ತು ವರ್ಷ ದಾಟಿದೆ. ‘ಐರಿಸ್’ ಅನ್ನು ಸಾಮಾನ್ಯವಾಗಿ ಕಾರ್ಯಕ್ರಮದ ಕೊನೆಯ ಭಾಗಕ್ಕೆ ಉಳಿಸಿಕೊಳ್ಳುತ್ತಾರೆ. ಅದಕ್ಕೆ ಬೇರೆ ಶ್ರುತಿ ಬೇಕಾದ್ದರಿಂದ ಗಿಟಾರ್ ಬದಲಿಸಬೇಕು. ಕೇಳಿ ಕೇಳಿ ಪಳಗಿದ ಅಭಿಮಾನಿಗಳಿಗೆ ಹೊಸ ಗಿಟಾರ್ ಕೈಗೆ ಬಂದದ್ದು ಕಂಡರೆ ಸಾಕು, ಮುಂದಿನ ಹಾಡು ಯಾವುದೆಂದು ತಂತಿ ಮೀಟುವ ಮೊದಲೇ ಗೊತ್ತಾಗುತ್ತದೆ.